ಕುರುಗೋಡು ಗುಡ್ಡದ ಹೆಪ್ಪಿನ ಮಣ್ಣು

ಮೊನ್ನೆ ಬಳ್ಳಾರಿಯ ಕೌಲ್ ಬಜಾರಿಗೆ ಗೋಣಿಚೀಲ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಮೂಲೆಯಲ್ಲಿ ನೆನೆದು ಬಿದ್ದಿದ್ದ ಹಳೆಯ ಚೀಲವೊಂದನ್ನು ಕೊಡವಿದ. ಕೊಳೆತ ಎಲೆಯ, ತಣ್ಣನೆ ಮಣ್ಣಿನ ವಾಸನೆ ಗಪ್ಪೆಂದು ಮೂಗಿಗೆ ಬಂತು. ಸುತ್ತ ಆಟೋಗಳ ಗದ್ದಲವಿತ್ತು, ನನಗೆ ಮಾತ್ರ ಅರೆಗಳಿಗೆ ಏನೂ ಕೇಳಿಸಲಿಲ್ಲ. ಕುರುಗೋಡು ಗುಡ್ಡದ ನೆರಳಿನಲ್ಲಿ ಮಂಡಿಯೂರಿ ಕೂತ ನರ್ಸರಿ ಅಕ್ಕ ಕಣ್ಣೆದುರು ಬಂದರು...

ಆ ಗುಡ್ಡದ ಬುಡದಲ್ಲಿದ್ದ ಸಸಿಗಳ ನರ್ಸರಿಗೆ ನಾನು ಮೇಲ್ವಿಚಾರಕಿಯಾಗಿ ಹೊಸದಾಗಿ ಸೇರಿದ್ದೆ. ಅಕ್ಕ ಸಿರುಗುಪ್ಪದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ ಕೆಲಸದಾಕೆ. ವಯಸ್ಸಿನಲ್ಲಿ ನನ್ನ ತಾಯಿಯಷ್ಟು ದೊಡ್ಡವರು, ಆದರೂ ಎಲ್ಲರಿಗೂ ಅಕ್ಕನೇ. ಸಸಿಯ ಚೀಲಕ್ಕೆ ಮಣ್ಣು ತುಂಬಿದ ಮೇಲೆ ಅವರು ಮಡಿಲಿನಿಂದ ಒಂದೊಂದು ಚಿಟಿಕೆ ಕಪ್ಪು ಮಣ್ಣು ತೆಗೆದು ಬೇರಿನ ಹತ್ತಿರ ಹಾಕುತ್ತಿದ್ದರು. ಇದೇನು ಮಂತ್ರವೇ ಎಂದು ನಾನು ನಕ್ಕಿದ್ದೆ.

"ಹೆಪ್ಪು ಹಾಕಲಾರ್ದ ಹಾಲು ಮೊಸರಾಗ್ತೈತೇನ ತಂಗೀ?" ಎಂದಿದ್ದರು.

ಆ ಹೆಪ್ಪು ಸಿಗುತ್ತಿದ್ದದ್ದು ಗುಡ್ಡದ ಮೇಲಿನ ಒಂದೇ ತಗ್ಗಿನಲ್ಲಿ. ದೊಡ್ಡ ಬಂಡೆಯ ಮಗ್ಗುಲಲ್ಲಿ ಮುದಿ ಕಮರದ ಮರ, ಅದರ ಕೆಳಗೆ ಎಂದೋ ಉರುಳಿ ಮೆತ್ತಗಾದ ದಿಮ್ಮಿ. ಗಾಳಿ ಹೊತ್ತು ತಂದ ಎಲೆಯೆಲ್ಲ ದಿಮ್ಮಿಗೆ ತಡೆದು ತಗ್ಗಿನಲ್ಲಿ ನಿಲ್ಲುತ್ತಿತ್ತು. ನಾಲ್ಕು ಮಾರು ಆಚೆಯ ದಿಬ್ಬದ ಮೇಲೆ ಎಲೆ ನಿಲ್ಲುತ್ತಿರಲಿಲ್ಲ, ಮಣ್ಣು ಬಿಳಚಿಕೊಂಡು ಗುದ್ದಲಿಗೂ ಜಗ್ಗುತ್ತಿರಲಿಲ್ಲ. ಬಳ್ಳಾರಿ ಬಿಸಿಲು ಕಲ್ಲನ್ನು ಕಾಯಿಸುವ ಮಧ್ಯಾಹ್ನಗಳಲ್ಲೂ ತಗ್ಗಿನ ಒಳಗೆ ಕೈಯಿಟ್ಟರೆ ತಂಪು. ಎಲೆಯ ಪದರ ಎತ್ತಿ ಅಕ್ಕ ಕೆಳಗೆ ಹಬ್ಬಿದ ಬೂಸ್ಟಿನ ಬಿಳಿ ನೂಲು ತೋರಿಸುತ್ತಿದ್ದರು. ನಾನು ಅಲ್ಲಿ ಕೂತು ಹೊತ್ತು ಹೋದದ್ದೇ ತಿಳಿಯದೆ ನೋಡುತ್ತಿದ್ದೆ. ಮಣ್ಣು ಉಸಿರಾಡುತ್ತಿದೆ ಅನ್ನಿಸುತ್ತಿತ್ತು...

ಆಮೇಲೆ ಓದಿ ತಿಳಿದೆ. ಬೇರಿಗೆ ನೀರು, ಸಾರ ತಂದುಕೊಟ್ಟು ಅದರಿಂದ ಸಿಹಿ ಪಡೆಯುವ ಶಿಲೀಂಧ್ರ ಬರಿಗಣ್ಣಿಗೆ ಹೆಚ್ಚಾಗಿ ಕಾಣುವುದಿಲ್ಲ, ಅಕ್ಕ ತೋರಿಸಿದ ನೂಲು ಬಹುಶಃ ಎಲೆ ಕೊಳೆಸುವ ಬೇರೆ ಬಳಗದ್ದು. ಆದರೆ ಎರಡೂ ಇರುವ ಜಾಗವನ್ನು ಅವರು ಸರಿಯಾಗಿಯೇ ಗುರುತು ಹಿಡಿದಿದ್ದರು. ಓದಿಕೊಂಡು ಕೆಲಸಕ್ಕೆ ಬಂದ ನನಗೇ ಆಗ ಆ ಜಾಗದ ಬೆಲೆ ತಿಳಿದಿರಲಿಲ್ಲ.

ಒಂದು ಚಳಿಗಾಲ ದೊಡ್ಡ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನಮ್ಮ ಕಡೆ ಯಾರೇ ಬರಲಿ, ಮೊದಲು ಕೈಗೆ ಬರುವುದು ಕಸಬರಿಗೆ. ನರ್ಸರಿ ಗುಡಿಸಿದೆವು, ನೀರು ಹೊಡೆದೆವು, ಗೇಟಿಗೆ ರಂಗೋಲಿಯೂ ಆಯಿತು. ನನ್ನ ಹುರುಪು ಅಲ್ಲಿಗೆ ನಿಲ್ಲಲಿಲ್ಲ. ಸಾಹೇಬರಿಗೆ ಕಮರದ ನೆರಳಲ್ಲಿ ಚಹಾ ಕೊಡೋಣವೆಂದು ಗುಡ್ಡವನ್ನೂ ಗುಡಿಸಲು ಹೇಳಿದೆ. ಅಕ್ಕ ಓಡಿ ಬಂದರು.

"ಅಂಗಳ ಎಷ್ಟಾರ ಬಳಿಸು, ಬ್ಯಾಡ ಅನ್ನಂಗಿಲ್ಲ. ಆ ತಗ್ಗು ಒಂದು ಬಿಡು ತಂಗೀ. ಅದು ಕಸ ಅಲ್ಲ."

"ಸಾಹೇಬ್ರು ಬೈತಾರ ಅಕ್ಕ," ಎಂದೆ. ಎಲೆ ಗುಡಿಸಿ ತೆಗೆಸಿದೆ, ದಿಮ್ಮಿ ಎಳೆಸಿ ಎಲ್ಲವನ್ನೂ ತಗ್ಗಿನಲ್ಲೇ ಸುಡಿಸಿದೆ. ಸಾಹೇಬರು ಬಂದರು, ಜೀಪಿನಿಂದ ಇಳಿಯದೆ ಸಸಿಗಳ ಕಡೆ ಕಣ್ಣಾಡಿಸಿ ಕುಡತಿನಿಯತ್ತ ಹೋದರು. ಅಕ್ಕ ಸಂಜೆ ಬಸ್ಸು ಬರುವವರೆಗೂ ಬೂದಿಯ ಪಕ್ಕ ಕೂತಿದ್ದರು.

ಬೇಸಿಗೆಗೆ ತಗ್ಗಿನ ಮಣ್ಣು ಇಟ್ಟಿಗೆಯಾಯಿತು. ಆ ವರ್ಷ ಬರೀ ಮಣ್ಣಿನಲ್ಲೇ ಬೆಳೆಸಿದ ಕಮರದ ಸಸಿಗಳು ಹಳದಿಗಟ್ಟಿದವು, ಗುಡ್ಡಕ್ಕೆ ನೆಟ್ಟವು ಒಂದೊಂದಾಗಿ ಒಣಗಿದವು. ಬೇರೆ ಕಾರಣಗಳೂ ಇದ್ದಿರಬಹುದು. ನನಗೆ ಮಾತ್ರ ಕಾರಣ ನಾನೇ ಅನ್ನಿಸುತ್ತಿತ್ತು.

ಅಕ್ಕ ಬೈದಿದ್ದರೆ ಹಗುರಾಗುತ್ತಿದ್ದೆ. "ಮನ್ಯಾಗ ಹೆಪ್ಪು ಕೆಟ್ರ ಪಕ್ಕದ ಮನಿಗೆ ಹೋಗ್ಬೇಕು, ನಡಿ," ಎಂದು ಚೀಲ ಹಿಡಿದು ಗುಡ್ಡದ ಹಿಂಬದಿಗೆ ಹೊರಟರು. ಮಂಡಿ ನೋವಿತ್ತು, ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದರು. ಅಲ್ಲಿನ ಮರಗಳ ಬುಡದಿಂದ ಒಂದೊಂದು ಬೊಗಸೆ ಮಣ್ಣು, ಎಲೆ, ಪುಡಿಯಾಗುವ ಕೊಂಬೆ ಹೊತ್ತು ತಂದು ಸುಟ್ಟ ತಗ್ಗಿಗೆ ಹರಡಿದೆವು. ಗಾಳಿಗೆ ಹಾರದಂತೆ ಮೇಲೆ ಕಲ್ಲು ಪೇರಿಸಿದೆವು. ಬೇರಿದ್ದರೆ ನೂಲು ಬದುಕುತ್ತದೆ ಎಂದು ಒಂದು ಕಮರದ ಸಸಿಯನ್ನೂ ಅಲ್ಲೇ ಊರಿದರು. ತಗ್ಗು ಮೊದಲಿನಂತಾದ ದಿನ ಅವರ ಕೈ ಹಿಡಿದು ತಪ್ಪಾಯ್ತು ಅನ್ನಬೇಕು, ಅಲ್ಲಿಯವರೆಗೆ ಬರಿಗೈಯಲ್ಲಿ ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳಲಿ ಅಂದುಕೊಂಡೆ.

ವರ್ಷಗಳು ಹೋದವು. ಅಕ್ಕ ಕೆಲಸ ಬಿಟ್ಟರು. ಸಿರುಗುಪ್ಪದ ಅವರ ಮನೆಗೆ ಹೋದಾಗಲೆಲ್ಲ ಮೊದಲ ಮಾತು ಒಂದೇ, "ತಗ್ಗು ಹೆಂಗೈತಿ?"

"ಇನ್ನೂ ಆಗಿಲ್ಲ ಅಕ್ಕ."

"ಆಗ್ತೈತಿ ಬಿಡು. ಮಣ್ಣಿಗೇನು ಅವಸರ?"

ಮಜ್ಜಿಗೆ ಕುಡಿದು ಎದ್ದು ಬರುತ್ತಿದ್ದೆ. ಕಳೆದ ಚಳಿಗಾಲ ಅಕ್ಕ ತೀರಿಕೊಂಡರು.

ಈ ಮಳೆಗಾಲದ ಒಂದು ಬೆಳಿಗ್ಗೆ, ಮೋಡ ಗುಡ್ಡಕ್ಕೆ ತಾಗುವಷ್ಟು ಇಳಿದಿದ್ದಾಗ ಮೇಲೆ ಹತ್ತಿದೆ. ತಗ್ಗಿನಲ್ಲಿ ತಾನೇ ಹುಟ್ಟಿದ್ದ ಮರಿಸಸಿಯೊಂದನ್ನು ಮೆಲ್ಲಗೆ ಕಿತ್ತೆ. ಬೇರಿಗೆ ಕಪ್ಪು ಮಣ್ಣು ಅಂಟಿಕೊಂಡಿತ್ತು, ಕೊಡವಿದರೂ ಉದುರಲಿಲ್ಲ. ಎಲೆಯ ಕೆಳಗೆ ಬಿಳಿ ನೂಲು ಹರಡಿತ್ತು... ಇಳಿದು ಹೋಗಿ ಸಿರುಗುಪ್ಪದ ಬಸ್ಸು ಹಿಡಿಯಬೇಕೆಂದು ಎದ್ದೇ ನಿಂತಿದ್ದೆ. ಆಮೇಲೆ ನೆನಪಾಗಿ ಅಲ್ಲೇ ಕೂತೆ.

"ಆಗೈತಿ ಅಕ್ಕ. ತಪ್ಪಾಯ್ತು," ಎಂದೆ. ಮಣ್ಣಿಗೆ ಅವಸರವಿರಲಿಲ್ಲ, ನನಗಿರಬೇಕಿತ್ತು.