ವಸಂತ್ ಕಟ್ಟಿದ ಆರು ಚಾನೆಲ್ ಆಂಪ್ಲಿಫೈಯರ್

ವಸಂತ್ ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಇಂದಿರಾನಗರದ ನೌಕರರ ಬಡಾವಣೆಯಲ್ಲಿ ಅವನ ಮನೆಗೂ ಸಹೋದ್ಯೋಗಿ ಭಾರ್ಗವ್‌ನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಭಾರ್ಗವ್‌ಗೆ ಬಡ್ತಿ ಮೊದಲು ಸಿಕ್ಕಾಗಲೂ ವಸಂತ್ ಹೊಟ್ಟೆಕಿಚ್ಚು ಪಟ್ಟವನಲ್ಲ. ಆದರೆ ಯುಗಾದಿಯ ದಿನ ಭಾರ್ಗವ್, ತಾನೇ ಜೋಡಿಸಿದ್ದೆಂದು ಹೇಳಿ, ಆರು ಸ್ಪೀಕರುಗಳಿಗೆ ಬೇರೆ ಬೇರೆ ಸದ್ದು ಕಳಿಸುವ ಆರು ಚಾನೆಲ್ ಆಂಪ್ಲಿಫೈಯರ್ ಕೇಳಿಸಲು ಕರೆದಾಗ ಕಥೆ ಬೇರೆಯಾಯಿತು. ಬೆನ್ನ ಹಿಂದಿನ ಸ್ಪೀಕರಿನಿಂದ ಹೊರಟ ರೈಲಿನ ಸದ್ದು ಎಡಗಿವಿಯ ಪಕ್ಕದಲ್ಲೇ ಹಾದು ಟಿವಿಯೊಳಗೆ ಹೋಯಿತು. ವಸಂತ್ ಬೆಚ್ಚಿ ತಿರುಗಿ ನೋಡಿದ. ಭಾರ್ಗವ್ ನಕ್ಕ. ರೇಡಿಯೊ ಬಿಚ್ಚಿ ಕೂಡಿಸುವ ಹುಚ್ಚು ಚಿಕ್ಕಂದಿನಿಂದ ಇದ್ದದ್ದು ವಸಂತ್‌ಗೆ. ಭಾರ್ಗವ್‌ಗೆ ಫ್ಯೂಸ್ ಹಾಕಲೂ ಬರುತ್ತಿರಲಿಲ್ಲ.

ಮರುವಾರವೇ ವಸಂತ್ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ ಟ್ರಾನ್ಸ್‌ಫಾರ್ಮರ್ ತಂದ. ಹಳೆಯ ಸ್ಟೆಬಿಲೈಸರಿನ ತಗಡಿನ ಪೆಟ್ಟಿಗೆಯಲ್ಲಿ ಆರು ಬೋರ್ಡುಗಳನ್ನು ಸಾಲಾಗಿ ಕೂರಿಸಿದ. ಹೆಂಡತಿ ಶಾಂತಕುಮಾರಿ, ಕೆ.ಆರ್. ಪುರದ ಕಡೆಯ ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬೆಸುಗೆ ಹಾಕಿದವಳು, ಹತ್ತಿರ ಬಂದು ಬಗ್ಗಿ ನೋಡಿದಳು. ಮುಟ್ಟಬೇಡ ಎಂದ. ಅವಳು ಒಳಗೆ ಹೋದಳು.

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ. ಕರೆಂಟನ್ನು ನೇರ ಕೊಡದೆ ನಡುವೆ ನೂರು ವ್ಯಾಟಿನ ಬಲ್ಬು ಸೇರಿಸಿದ್ದ. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಅದು ಒಮ್ಮೆ ಹೊತ್ತಿ ಮಂಕಾಯಿತು. ಒಂದೊಂದೇ ಚಾನೆಲ್ಲಿಗೆ ಹಳೇ ಸ್ಪೀಕರ್ ಸಿಕ್ಕಿಸಿದ. ಆರೂ ಹಾಡಿದವು. ಆದರೆ ವಾಲ್ಯೂಮ್ ಸೊನ್ನೆಗೆ ತಂದರೂ ಆರರಲ್ಲೂ ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ. ಕೆಪಾಸಿಟರ್ ಬದಲಿಸಿದ, ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಕೂರಿಸಿದ. ಗೋಡೆಯಾಚೆ ಭಾರ್ಗವ್‌ನ ರೈಲು ಓಡುತ್ತಲೇ ಇತ್ತು. ಅದು ಕೇಳಬಾರದೆಂದು ವಸಂತ್ ಊಟದ ತಟ್ಟೆ ಹಿಡಿದು ಹಿತ್ತಲಿಗೆ ಹೋಗತೊಡಗಿದ.

ಕೊನೆಗೆ, ಧೂಳು ಹೊಡೆದುಕೊಡುತ್ತೇನೆಂಬ ನೆಪದಲ್ಲಿ ಭಾರ್ಗವ್‌ನ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗಿನ ತಂತಿಗಳನ್ನು ಎರಡೆರಡು ಬೆರಳಿನ ಅಂತರಕ್ಕೆ ಮೇಣದ ದಾರದಿಂದ ಬಿಗಿಯಲಾಗಿತ್ತು. ಆ ಗಂಟು ಅವನಿಗೆ ಗೊತ್ತು. ಮನೆಯ ಮಿಕ್ಸಿ ವೈರಿಗೂ ಶಾಂತಕುಮಾರಿ ಹಾಕುವುದು ಅದೇ ಗಂಟು.

ಭಾರ್ಗವ್ ತಲೆ ಕೆರೆದುಕೊಂಡು ಒಪ್ಪಿಕೊಂಡ. ಯುಗಾದಿಗೆ ಮೊದಲು ವಸಂತ್ ಒಬ್ಬನೇ ಕಾಶಿಗೆ ಹೋಗಿದ್ದ ಹದಿನೈದು ದಿನಗಳಲ್ಲಿ ಆಕೆಯೇ ಬಂದು ಎಲ್ಲವನ್ನೂ ಜೋಡಿಸಿಕೊಟ್ಟಿದ್ದಳಂತೆ.

ವಸಂತ್ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಅವನಿಗೆ ಮಾಡ್ಕೊಟ್ಟಿದೀಯ. ನಂಗ್ಯಾಕೆ ಒಂದ್ಮಾತೂ ಹೇಳ್ಲಿಲ್ಲ?"

"ಅವ್ರು ಬಂದು ಕೇಳಿದ್ರು," ಎಂದಳು ಶಾಂತಕುಮಾರಿ, ಒಗ್ಗರಣೆಯಿಂದ ಕಣ್ಣೆತ್ತದೆ. "ನೀವು ಮುಟ್ಬೇಡ ಅಂದ್ರಿ."

ಮೂರು ದಿನ ಅವನು ಪೆಟ್ಟಿಗೆಯ ಕಡೆ ಸುಳಿಯಲಿಲ್ಲ. ಉರಿಯುತ್ತಿದ್ದದ್ದು ಭಾರ್ಗವ್‌ನ ಮೇಲೋ, ಅವಳ ಕೈಚಳಕದ ಮೇಲೋ ಅವನಿಗೇ ತಿಳಿಯಲಿಲ್ಲ. ನಾಲ್ಕನೆಯ ದಿನ ಪೆಟ್ಟಿಗೆಯನ್ನು ತಂದು ಅವಳ ಮುಂದಿಟ್ಟ. "ಎಲ್ಲಿ ತಪ್ಪಿದೆ, ನೋಡ್ತೀಯಾ?"

ನೋಡಿದಳು. ಅರ್ಥ್ ತಂತಿಗಳನ್ನು ಬೋರ್ಡಿನಿಂದ ಬೋರ್ಡಿಗೆ ಸರಪಳಿಯಂತೆ ಎಳೆದದ್ದೇ ತಪ್ಪು, ಆರನ್ನೂ ತಂದು ಒಂದೇ ಜಾಗದಲ್ಲಿ ಸೇರಿಸಬೇಕು ಎಂದಳು. ಕನ್ನಡಕ ಏರಿಸಿ ಬೆಸುಗೆ ಹಾಕತೊಡಗಿದಳು. ಅವನು ಟಾರ್ಚ್ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ವಸಂತ್ ಸ್ಪೀಕರಿಗೆ ಕಿವಿ ಒತ್ತಿದ. ಆ ಗುಂಯ್ ಸದ್ದು ಇರಲಿಲ್ಲ. ಖುಷಿಯಾಗಬೇಕಿತ್ತು. ನಾಲ್ಕು ತಿಂಗಳಲ್ಲಿ ತನ್ನಿಂದಾಗದ್ದು ಅವಳಿಗೆ ಅರ್ಧ ದಿನದ ಕೆಲಸವಾಯಿತಲ್ಲ ಎಂಬುದೇ ಕೊರೆಯುತ್ತಿತ್ತು.

ಸಂಜೆ ಭಾರ್ಗವ್ ಬಂದು ಕೇಳಿ ಮೆಚ್ಚಿದ. ಎಲ್ಲಾ ಇವರದ್ದೇ ಎಂದಳು ಶಾಂತಕುಮಾರಿ. ಹಾಗೆ ಬಿಟ್ಟುಬಿಡಬಹುದಿತ್ತು. ವಸಂತ್ ಪೆಟ್ಟಿಗೆಯ ಮುಚ್ಚಳ ತೆಗೆದು ಬೆಸುಗೆಯ ಜಾಗ ತೋರಿಸಿದ. "ಇಲ್ಲ ಭಾರ್ಗವ್, ಅರ್ಥ್ ಸರಿ ಮಾಡಿದ್ದು ಅವಳು," ಎಂದ.

ಈಗ ಬಡಾವಣೆಯವರು ಕೆಟ್ಟ ಸೆಟ್ಟುಗಳನ್ನು ಹಿಡಿದುಕೊಂಡು ಶಾಂತಕುಮಾರಿಯನ್ನೇ ಕೇಳಿಕೊಂಡು ಬರುತ್ತಾರೆ. ಬಾಗಿಲು ತೆರೆಯುವವನು ವಸಂತ್. ಅವರು ಅವಳ ಹೆಸರು ಹೇಳಿದಾಗಲೆಲ್ಲ ಎದೆಯಲ್ಲೊಂದು ಮುಳ್ಳು ಆಡುತ್ತದೆ. ಆದರೂ ಒಳಗೆ ಕರೆದು ಕೂರಿಸುತ್ತಾನೆ, ಕುರ್ಚಿ ಎಳೆದುಕೊಂಡು ಅವಳ ಕೆಲಸವನ್ನು ಮುಗಿಯುವವರೆಗೂ ನೋಡುತ್ತಾನೆ.