ಕೊಂಡಿ ಇದ್ದ ರೂಪಾಯಿಗಳು

ಅವ್ವನ ಕೊರಳಲ್ಲಿ ಹಬ್ಬದ ದಿನ ಮಾತ್ರ ಕಾಣುತ್ತಿದ್ದ ಒಂದು ಸರವಿತ್ತು. ರಾಣಿಯ ಮುಖವಿದ್ದ ಹಳೆಯ ಬೆಳ್ಳಿ ರೂಪಾಯಿಗಳಿಗೆ ಒಂದೊಂದು ಕೊಂಡಿ ಬೆಸೆದು, ಕೆಂಪು ದಾರದಲ್ಲಿ ಪೋಣಿಸಿದ ಸರ. ಸೊಕ್ಕೆಯ ತವರಿನಿಂದ ಅವ್ವ ತಂದ ಒಡವೆ ಅದೊಂದೇ. ಅವಳು ತೀರಿಕೊಂಡ ಮೇಲೆ ಅಕ್ಕಂದಿರು ದಾರ ಬಿಚ್ಚಿ ನಾಣ್ಯಗಳನ್ನು ಹಂಚಿಕೊಂಡರು. ಜಗಳವೇನೂ ಆಗಲಿಲ್ಲ. ಇಬ್ಬರು ತಮ್ಮ ಪಾಲನ್ನು ಕರಗಿಸಿ ಮಕ್ಕಳಿಗೆ ಕಾಲ್ಗೆಜ್ಜೆ ಮಾಡಿಸಿದರು. ಸಂತೇಬೆನ್ನೂರಿನ ದೊಡ್ಡಕ್ಕ ಮಾತ್ರ ತನ್ನ ಪಾಲನ್ನು ಹಾಗೇ ಇಟ್ಟುಕೊಂಡಳು.

ಕೆಲವು ವರ್ಷ ಕಳೆದ ಮೇಲೆ, ಮಕ್ಕಳ ಮದುವೆಗಳೆಲ್ಲ ಮುಗಿದಾಗ, ಅವಳಿಗೆ ಆ ಸರವನ್ನು ಮತ್ತೆ ಪೂರ್ತಿ ಮಾಡಬೇಕೆನ್ನಿಸಿತು. ಅಂಥವೇ ರೂಪಾಯಿಗಳನ್ನು ಒಂದೊಂದಾಗಿ ಕೊಂಡು, ಕೊನೆಗೆ ಎಲ್ಲಕ್ಕೂ ಒಟ್ಟಿಗೆ ಕೊಂಡಿ ಹಾಕಿಸಿ ಪೋಣಿಸುವುದು ಅವಳ ಲೆಕ್ಕಾಚಾರ. ನಾನು ಚನ್ನಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ಹಳೆ ನಾಣ್ಯ ಕೂಡಿಡುವ ಹುಚ್ಚು ನನಗೆ ಮೊದಲಿನಿಂದ ಇತ್ತು. ಹಾಗಾಗಿ ಅಕ್ಕ ನನ್ನನ್ನೇ ಹಿಡಿದಳು.

"ಮಾರ್ಕೆಟ್ನಾಗೆ ಬರೀ ಖೋಟಾನೇ ಅಂತೆ. ನೋಡೋದು ಹೆಂಗೆ ಅಂತ ನಂಗೂ ಕಲಿಸಪ್ಪ."

ಒಂದು ಭಾನುವಾರ ಅವಳ ಮನೆಯ ಕಟ್ಟೆಯ ಮೇಲೆ ಕೂತು ಕಲಿಸಿದೆ. ಮೊದಲು ತೂಕ: ಒಳ್ಳೆಯ ರೂಪಾಯಿ ಹನ್ನೊಂದೂವರೆ ಗ್ರಾಮಿಗಿಂತ ತುಸು ಹೆಚ್ಚಿರುತ್ತದೆ, ಸವೆದಿದ್ದರೆ ಒಂದಿಷ್ಟು ಕಡಿಮೆ. ಆಮೇಲೆ ಅಂಚು: ಅಲ್ಲಿನ ಗೀರುಗಳು ಸಮನಾಗಿ, ಚೂಪಾಗಿ ಇರಬೇಕು, ಎರಕ ಹೊಯ್ದದ್ದಾದರೆ ಮಸುಕಾಗಿ, ಒಂದು ಕಡೆ ಅರ ಹಾಕಿ ಉಜ್ಜಿದ ಗುರುತು ಸಿಗುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಬೆಳ್ಳಿಯೆಂದು ನಂಬಬಾರದು. ಕೊನೆಗೆ ನನ್ನ ಸಂಗ್ರಹದಿಂದ ತಂದಿದ್ದ ಒಂದು ರೂಪಾಯಿಯನ್ನು ಬೆರಳ ತುದಿಯ ಮೇಲಿಟ್ಟು ಇನ್ನೊಂದರಿಂದ ಮೆಲ್ಲಗೆ ಬಡಿದೆ. ಸಣ್ಣ ಗಂಟೆಯ ಹಾಗೆ ದನಿ ಎದ್ದು, ಎಳೆದುಕೊಂಡು ಹೋಗಿ ನಿಂತಿತು. ಅಕ್ಕ ಬಾಯಿ ತೆರೆದು ಕೇಳಿದಳು.

"ಇದೊಂದ್ ಸಾಕು ಬಿಡು," ಎಂದಳು. "ಉಳಿದದ್ದೆಲ್ಲ ನನ್ನ ಕಣ್ಣಿಗೆ ಕಾಣಂಗಿಲ್ಲ. ಕಿವಿ ಚೆನ್ನಾಗೈತೆ."

ನಿಜಕ್ಕೂ ಅವಳ ಕಿವಿ ಚೆನ್ನಾಗಿತ್ತು. ಒಮ್ಮೆ ಸಂತೆಯಲ್ಲಿ ನಾನೂ ಜೊತೆಗಿದ್ದೆ. ಒಬ್ಬ ಮಣ್ಣು ಮೆತ್ತಿದ ರೂಪಾಯಿಗಳನ್ನು ಚೀಲದಿಂದ ತೆಗೆದು, "ಪಾಯ ತೋಡುವಾಗ ಸಿಕ್ಕವ್ರೀ, ಯಾರಿಗೂ ಹೇಳಬ್ಯಾಡ್ರಿ," ಎಂದು ಪಿಸುಗುಟ್ಟಿದ. ಅಕ್ಕ ಒಂದನ್ನು ತೆಗೆದುಕೊಂಡು ಬೆರಳ ಮೇಲಿಟ್ಟು ಬಡಿದಳು. ಟಪ್ ಎಂದು ಸತ್ತ ದನಿ. "ಮತ್ತೆ ಅಲ್ಲೇ ಹೂತುಬಿಡ್ರಿ," ಎಂದು ಅವನ ಕೈಗಿಟ್ಟಳು. ಆವತ್ತು ಬಸ್‌ಸ್ಟ್ಯಾಂಡಿನವರೆಗೂ ಇಬ್ಬರೂ ನಕ್ಕೆವು.

ಮುಂದೆ ನನಗೆ ಜಗಳೂರಿಗೆ ವರ್ಗವಾಯಿತು. ಓಡಾಟ ಕಡಿಮೆಯಾಯಿತು. ಒಂದು ದಿನ ಅಕ್ಕ ಫೋನು ಮಾಡಿ, ಸರಕ್ಕೆ ಬೇಕಾದಷ್ಟೂ ಸಿಕ್ಕವೆಂದು ಸಂಭ್ರಮದಿಂದ ಹೇಳಿದಳು. ನ್ಯಾಮತಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದಾಗ ಹಳೆಯ ಗೆಳತಿಯೊಬ್ಬಳು ತನ್ನಲ್ಲಿದ್ದವನ್ನು ದುಡ್ಡಿಗೆ ಕೊಟ್ಟಿದ್ದಳಂತೆ.

ರಜೆಯಲ್ಲಿ ಹೋಗಿ ನೋಡಿದೆ. ಅವನ್ನು ಟವೆಲ್ ಮೇಲೆ ಸಾಲಾಗಿ ಜೋಡಿಸಿದ್ದಳು. ಪ್ರತಿಯೊಂದರಲ್ಲೂ ರಾಣಿಯ ಕಿವಿಯ ಕೆಳಗೆ ಒಂದೇ ಜಾಗದಲ್ಲಿ, ಒಂದೇ ಆಕಾರದ ಸಣ್ಣ ಕಚ್ಚು. ಬೇರೆ ಬೇರೆ ಕೈಗಳಲ್ಲಿ ಓಡಾಡಿದ ನಾಣ್ಯಗಳಿಗೆ ಒಂದೇ ಕಡೆ ಗಾಯವಾಗುವುದಿಲ್ಲ. ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದವು.

"ಬಡಿದು ನೋಡಲಿಲ್ವಾ ಅಕ್ಕ?"

"ಗೆಳತಿ ಮುಂದೆ ಹೆಂಗೆ ಬಡೀಲಪ್ಪ? ಅವಳ ಮುಖ ನೋಡಿ ತಗೊಂಡೆ," ಎಂದಳು. ನಾನು ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದದ್ದನ್ನು ಕಂಡು, "ಹೇಳು, ಪರವಾಗಿಲ್ಲ," ಎಂದಳು. ಹೇಳಿದೆ. ಗೆಳತಿಗೂ ಯಾರೋ ಮೋಸ ಮಾಡಿರಬೇಕೆಂದೂ ಸೇರಿಸಿದೆ. ಅಕ್ಕ ಟವೆಲನ್ನು ಮಡಿಚಿ ಎತ್ತಿಟ್ಟಳು.

ಮತ್ತೆ ನಾನು ಹೋಗುವಷ್ಟರಲ್ಲಿ ಯುಗಾದಿ ಬಂದಿತ್ತು. ದೇವರ ಮುಂದೆ ಹೊಸ ಬೆಳ್ಳಿ ದೀಪವೊಂದು ಉರಿಯುತ್ತಿತ್ತು. ಚೆಂದ ಐತೆ ಎಂದು ಹೇಳುವವನಿದ್ದೆ. ಅಷ್ಟರಲ್ಲಿ ಅವಳೇ ಹೇಳಿದಳು.

ನಾನು ಹೋದ ಮೇಲೆ ಅವಳಿಗೆ ಯಾವುದರ ಮೇಲೂ ನಂಬಿಕೆ ಉಳಿಯಲಿಲ್ಲವಂತೆ. ಮನೆಯಲ್ಲಿದ್ದ ನಾಣ್ಯಗಳನ್ನೆಲ್ಲ ಒಂದೊಂದಾಗಿ ಬೆರಳ ಮೇಲಿಟ್ಟು ಬಡಿದಳಂತೆ. ಸಂತೆಯಲ್ಲಿ ಆರಿಸಿ ತಂದವು ಚೆನ್ನಾಗಿ ಮೊಳಗಿದವು. ಅವ್ವನವು ಮೊಳಗಲಿಲ್ಲ.

"ಒಂದೂ ಮೊಳಗಲಿಲ್ಲ ಕಣಪ್ಪ. ಎಲ್ಲಾ ಟಪ್ ಟಪ್ ಅಂದ್ವು. ಅವ್ವನ ಕೊಳ್ಳಾಗಿದ್ದವೇ ಖೋಟಾ ಆದ್ಮೇಲೆ ಇನ್ಯಾತರ ಸರ? ಎಲ್ಲಾನೂ ಗಂಟು ಕಟ್ಟಿ ಮಗನ ಕೈಯಾಗೆ ಚನ್ನಗಿರಿಗೆ ಕಳಿಸ್ದೆ. ಎಷ್ಟು ಬೆಳ್ಳಿ ಹೊಂಟರೆ ಅಷ್ಟರಾಗೆ ಒಂದು ದೀಪ ಮಾಡಿಸ್ಕಂಡು ಬಾ ಅಂದೆ."

ನಾನು ದೀಪವನ್ನೇ ನೋಡುತ್ತ ನಿಂತೆ.

"ಆದ್ರೆ ಅಕ್ಕಸಾಲಿಗ್ರು ಕೊಂಡಿ ಇದ್ದವೆಲ್ಲ ಒಳ್ಳೇ ಬೆಳ್ಳಿ ಅಂದ್ರಂತೆ. ನ್ಯಾಮತಿವು ಮಾತ್ರ ವಾಪಸ್ ಕಳಿಸ್ಯಾರೆ," ಎಂದು ನನ್ನ ಮುಖ ನೋಡಿದಳು. "ಅದು ಹೆಂಗೆ? ಒಳ್ಳೇ ಬೆಳ್ಳಿಯಾಗಿದ್ರೆ ಯಾಕೆ ಮೊಳಗಲಿಲ್ಲ?"

ನನಗೆ ಗೊತ್ತಿತ್ತು. ನಾಣ್ಯಕ್ಕೆ ಕೊಂಡಿ ಬೆಸೆದರೆ, ಕಂಚಿನ ತಟ್ಟೆಯ ಅಂಚನ್ನು ಬೆರಳಿನಿಂದ ಹಿಡಿದ ಹಾಗೆ, ಅದರ ದನಿ ಅಲ್ಲೇ ನಿಂತುಬಿಡುತ್ತದೆ. ಬೆಸುಗೆ ಬಿದ್ದ ಅಸಲಿ ರೂಪಾಯಿಯೂ ಖೋಟಾದಂತೆ ಸದ್ದು ಮಾಡುತ್ತದೆ. ಕೊಳ್ಳುವ ನಾಣ್ಯಗಳ ಬಗ್ಗೆ ಅಷ್ಟೆಲ್ಲ ಪಾಠ ಹೇಳಿದ ನನಗೆ, ಅವಳು ಅವ್ವನ ನಾಣ್ಯವನ್ನೇ ಬಡಿದು ನೋಡಿಯಾಳು ಎಂದು ಹೊಳೆದಿರಲಿಲ್ಲ.

ಸುಳ್ಳು ಹೇಳಬಹುದಿತ್ತು. ಆದರೆ ಅವ್ವ ತೊಟ್ಟಿದ್ದು ಖೋಟಾ ಸರವೋ ಏನೋ ಎಂಬ ಅನುಮಾನ ಅಕ್ಕನಲ್ಲಿ ಉಳಿಯುವುದು ನನಗೆ ಸಹಿಸಲಾಗಲಿಲ್ಲ. ಇದ್ದದ್ದನ್ನು ಹೇಳಿದೆ.

ಅವಳು ಗೋಡೆಗೆ ಒರಗಿ ಕೂತಳು. "ಹಂಗಾದ್ರೆ ಅವ್ವನವು ಚಲೋವೇ ಇದ್ವು," ಎಂದಳು.

"ಚಲೋವೇ ಇದ್ವು ಅಕ್ಕ."

"ನಾನೇ ನಿಂಗೊಂದ್ ಫೋನ್ ಮಾಡ್ಬೋದಿತ್ತಲ್ಲ," ಎಂದು ತನ್ನನ್ನೇ ಬೈದುಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಊಟಕ್ಕೆ ಎದ್ದಾಗ ಅವಳು ನ್ಯಾಮತಿಯ ನಾಣ್ಯಗಳ ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕಿ, "ಮನ್ಯಾಗೆ ಇವು ಬ್ಯಾಡ. ನಿಮ್ ಸ್ಕೂಲ್ ಮಕ್ಕಳಿಗೆ ತೋರ್ಸು," ಎಂದಳು. ಅವುಗಳನ್ನು ಇದುವರೆಗೆ ಯಾವ ಮಕ್ಕಳಿಗೂ ತೋರಿಸಲು ನನ್ನಿಂದ ಆಗಿಲ್ಲ.