ಗೂಟದಿಂದ ಇಳಿಯದ ಹನ್ನೊಂದು ಬುಟ್ಟಿ

ಉಗರಗೋಳದ ಓಣಿಯಲ್ಲಿ ಇನ್ನೂ ಕತ್ತಲೆ ಪೂರ್ತಿ ಹರಿದಿಲ್ಲ. ಗುರವ್ವ ಆಗಲೇ ನಲವತ್ತನೇ ರೊಟ್ಟಿಯನ್ನು ಹಂಚಿಗೆ ಹಾಕಿದ್ದಾರೆ. ಒಂದು ಕೈ ಒದ್ದೆ ಬಟ್ಟೆಯಿಂದ ರೊಟ್ಟಿಗೆ ನೀರು ಸವರುತ್ತದೆ, ಇನ್ನೊಂದು ಕೈ ಮುಂದಿನ ಹಿಟ್ಟು ನಾದುತ್ತದೆ. ಕಣ್ಣು ಮಾತ್ರ ಎರಡರ ಮೇಲೂ ಇಲ್ಲ, ರಸ್ತೆಯ ಮೇಲಿದೆ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಗಾಡಿಯೊಂದು ಬಾಗಿಲ ಮುಂದೆ ನಿಧಾನವಾಗುತ್ತದೆ. ಅದರ ಬೆಳಕು ಒಳಗೋಡೆಯಲ್ಲಿ ಸಾಲಾಗಿ ತೂಗುವ ಬಿದಿರು ಬುಟ್ಟಿಗಳ ಮೇಲೆ ಹಾಯುತ್ತದೆ. ಗುರವ್ವನವರ ಕೈ ನಿಲ್ಲುತ್ತದೆ. ಗಾಡಿ ನಿಲ್ಲುವುದಿಲ್ಲ. ಅಷ್ಟರಲ್ಲಿ ರೊಟ್ಟಿಯ ಅಂಚು ಕರಕಲಾಗಿರುತ್ತದೆ.

"ಇಷ್ಟ ವರ್ಷದಾಗ ರೊಟ್ಟಿ ಹೊತ್ತಿಸಿದಾಕಿ ಅಲ್ರಿ ನಾ," ಎಂದು ಅದನ್ನು ತಮ್ಮ ಪಾಲಿಗೆ ಎತ್ತಿಡುತ್ತಾರೆ. "ಈಗೀಗ ದಿನಾ ಎರಡರೆ ಹೊತ್ತತಾವ. ಚಿತ್ತ ಇಲ್ಲಿ ಇರಂಗಿಲ್ಲ."

ಚಿತ್ತ ಎಲ್ಲಿದೆ ಎಂದು ತಿಳಿಯಲು ಆ ಬುಟ್ಟಿಗಳನ್ನು ಎಣಿಸಬೇಕು. ಒಟ್ಟು ಮೂವತ್ತನಾಲ್ಕು. ಒಂದೊಂದೂ ಒಂದೊಂದು ಮನೆತನದ್ದು. ಗುಡ್ಡಕ್ಕೆ ಬರುವ ಭಕ್ತರು ಹೋಳಿಗೆ, ಕಡಬು, ವಡೆ, ಅನ್ನ, ಪಲ್ಯಗಳನ್ನು ಬುಟ್ಟಿಗೆ ತುಂಬಿ ತಾಯಿಗೆ ಎಡೆ ಮಾಡುತ್ತಾರೆ. ಪಡಲಗಿ ತುಂಬಿಸುವುದು ಎನ್ನುವುದು ಇದನ್ನೇ. ದೂರದಿಂದ ಬಂದು ಮೂರು ಕಲ್ಲಿನ ಒಲೆ ಹೂಡಲಾಗದವರಿಗೆ ಗುರವ್ವ ಅಡುಗೆ ಮಾಡಿಕೊಡುತ್ತಾರೆ. ಹೋಗುವಾಗ ಅವರು ಬುಟ್ಟಿಯನ್ನು ಇಲ್ಲೇ ಬಿಟ್ಟು ಹೋಗುತ್ತಾರೆ. ಬುಟ್ಟಿ ಗೂಟದಲ್ಲಿದೆ ಎಂದರೆ ಬರುವ ಮಾಘದ ಭಾರತ ಹುಣ್ಣಿಮೆಗೆ ಆ ಮನೆಯವರು ಬರುತ್ತಾರೆ ಎಂದರ್ಥ. ಮುಂಗಡವಿಲ್ಲ, ಚೀಟಿಯಿಲ್ಲ, ಫೋನ್ ನಂಬರಂತೂ ಮೊದಲೇ ಇಲ್ಲ.

ಐವತ್ತೆಂಟರ ಗುರವ್ವ ಮುರಗೋಡದ ಮಗಳು. ಗಂಡ ಮಡಿವಾಳೆಪ್ಪನವರಿಗೆ ಮೊಣಕಾಲು ಹಿಡಿದ ಮೇಲೆ ಇದ್ದ ಎರಡೆಕರೆ ಹೊಲವನ್ನು ಗೇಣಿಗೆ ಕೊಟ್ಟು, ಮನೆ ಒಲೆಯ ಮೇಲೇ ನಿಂತಿತು. ಮಂಗಳವಾರ, ಶುಕ್ರವಾರ ನೂರೈವತ್ತು ರೊಟ್ಟಿ. ಹುಣ್ಣಿಮೆಗೆ ಹದಿನೈದು ಕಿಲೋ ಕಡಲೆಬೇಳೆಯ ಹೂರಣ. ಹೊಗೆಗೆ ಕಣ್ಣು ಸದಾ ಕೆಂಪು, ಅಂಗೈ ಹಂಚಿನಷ್ಟೇ ಗಡಸು. ಇಷ್ಟಾದರೂ ಬಾಗಿಲಿಗೆ ಒಂದು ಫಲಕವಿಲ್ಲ. "ನಾ ಕುಂತಿದ್ದು ಕಾಣತೈತಲ್ರಿ, ಮತ್ತ ಫಲಕ ಯಾಕ?" ಎಂಬುದು ಅವರ ವಾದ.

ಗೋಡೆಯ ಮೊದಲ ಬುಟ್ಟಿ ರಾಮದುರ್ಗ ಕಡೆಯ ಸಾವಂತ್ರೆವ್ವನದು. ಇಪ್ಪತ್ತೇಳು ವರ್ಷದ ಹಿಂದೆ ಬಸ್ಸಿನಲ್ಲಿ ಕೊಡ ಉರುಳಿ ಹಿಟ್ಟೆಲ್ಲ ತೊಯ್ದು, ಅಳುತ್ತ ಇದೇ ಕಟ್ಟೆಯ ಮೇಲೆ ಕುಳಿತಿದ್ದ ಹೆಣ್ಣುಮಗಳು ಆಕೆ. ಗುರವ್ವ ತಮ್ಮ ಮನೆಯ ಹಿಟ್ಟಿನಲ್ಲಿ ಅಡುಗೆ ಮಾಡಿಕೊಟ್ಟರು. ಹೊರಡುವಾಗ ಸಾವಂತ್ರೆವ್ವ ಬುಟ್ಟಿಯ ಅಂಚಿಗೆ ಹಸಿರು ಖಣದ ಚಿಂದಿ ಕಟ್ಟಿ, ಇಲ್ಲೇ ಇರಲಿ ಎಂದರು. ಆಮೇಲೆ ಬಂದವರೂ ಗುರುತಿಗೆ ತಮ್ಮ ತಮ್ಮ ಬಟ್ಟೆಯ ಚಿಂದಿ ಕಟ್ಟತೊಡಗಿದರು.

ಹೋದ ವರ್ಷದ ಹುಣ್ಣಿಮೆಗೆ ಹನ್ನೊಂದು ಬುಟ್ಟಿ ಗೂಟದಿಂದ ಇಳಿಯಲಿಲ್ಲ. ಸಾವಂತ್ರೆವ್ವನದೂ ಇಳಿಯಲಿಲ್ಲ.

ಇನ್ನೊಬ್ಬ ವ್ಯಾಪಾರಸ್ಥರಾಗಿದ್ದರೆ ಗಿರಾಕಿ ಕೈಬಿಟ್ಟರು ಎಂದು ಕೊರಗುತ್ತಿದ್ದರು. ಗುರವ್ವನವರಿಗೆ ಅದು ಹೊಳೆಯಲೇ ಇಲ್ಲ. ಮನೆಯಲ್ಲಿ ಸಾವಾಗಿ ಸೂತಕ ಬಂದರೆ ಮಾತ್ರ ಪಡಲಗಿ ತಪ್ಪುತ್ತದೆ ಎಂಬುದು ಅವರು ಕಂಡುಂಡ ಲೆಕ್ಕ. "ಹನ್ನೊಂದ ಮನ್ಯಾಗ ಏನಾತೋ ಅಂತ ಎದಿಯಾಗ ಅವಲಕ್ಕಿ ಕುಟ್ಟಿದಂಗ ಆಗತಿತ್ರಿ. ಯಾರಿಗೆ ಕೇಳ್ಲಿ? ನಿಮ್ಮ ಮನ್ಯಾಗ ಯಾರರೆ ಹೋದ್ರೇನ್ರಿ ಅಂತ ಬಾಯಿಬಿಟ್ಟ ಕೇಳೂ ಮಾತೇನ್ರಿ ಅದು?" ಐದು ತಿಂಗಳು ಆ ಭಯವನ್ನು ಯಾರಿಗೂ ಹೇಳದೆ, ಬುಟ್ಟಿಗಳಿಗೆ ಹುಳ ಹತ್ತದಂತೆ ಬೇವಿನ ಹೊಗೆ ಹಾಕುತ್ತ ಕಳೆದರು.

ಶ್ರಾವಣದಲ್ಲಿ ಸೊಸೆ ಶೈಲಜಾ ಹೊಸ ಮೊಬೈಲಿನಲ್ಲಿ ಸುಮ್ಮನೆ ಅತ್ತೆಯ ಹೆಸರು ಹಾಕಿ ನೋಡಿದರು. ಯಾರೋ ಪುಣ್ಯಾತ್ಮರು ಮನೆಯನ್ನು 'ಗುರವ್ವ ಖಾನಾವಳಿ' ಎಂದು ಅದರ ನಕ್ಷೆಗೆ ಸೇರಿಸಿಟ್ಟಿದ್ದರು. ಆದರೆ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬಂದದ್ದು ಗುಡ್ಡದ ಹಾದಿಯ ಹೊಸ ಲಾಡ್ಜು. ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ 'ಪ್ರಾಯೋಜಿತ', ಅಂದರೆ ರೊಕ್ಕ ಕೊಟ್ಟು ಹಾಕಿಸಿದ್ದು. ಗುರವ್ವ ಕೆಳಗೆ ಎಲ್ಲೋ ಇದ್ದರು, ಒಂದೇ ಒಂದು ನಕ್ಷತ್ರದೊಂದಿಗೆ. ಆ ನಕ್ಷತ್ರ ಕೊಟ್ಟವರು ಮುದಕಪ್ಪ, ಸಾವಂತ್ರೆವ್ವನವರ ಮಗ.

ಶೈಲಜಾ ಓದಿದರು: 'ಗುರವ್ವನ ಹೋಳಿಗೆ ಮೊದಲಿನಂತಿಲ್ಲ. ಹೂರಣಕ್ಕೆ ಸಕ್ಕರೆ ಹಾಕಿದ್ದರು. ಆಕೆ ಹೊರಗೆ ಬಂದು ಮಾತೂ ಆಡಿಸಲಿಲ್ಲ. ನಮ್ಮ ಬುಟ್ಟಿಯನ್ನೂ ಕಳೆದಿದ್ದಾರೆ. ಅವ್ವ ಅರ್ಧ ಊಟಕ್ಕೇ ಎದ್ದಳು.'

ಗುರವ್ವ ಕೈಮುಗಿದುಬಿಟ್ಟರು. "ಆಕಿ ಉಂಡಾಳ! ಅಂದ್ರ ಅದಾಳ! ತಾಯಿ, ಉಳಿಸಿದಿ!" ಆ ಸಂತೋಷ ಒಂದು ಗಳಿಗೆ ನಿಂತಿತು. ಆಮೇಲೆ ಉಳಿದ ಮಾತುಗಳು ಒಂದೊಂದಾಗಿ ಒಳಗಿಳಿದವು. ಮೊದಲೆಲ್ಲ ಬಸ್ಸಿನಿಂದಿಳಿದು ನಡೆದೇ ಬರುತ್ತಿದ್ದ ಮುದುಕಿಗೆ ಈಗ ಕಣ್ಣು ಮಂಜು. ಮಗ ಈ ಮನೆಗೆ ಹಿಂದೆ ಬಂದವರಲ್ಲ, ಅವ್ವ ಒಯ್ದ ಹೋಳಿಗೆಯ ರುಚಿಯಷ್ಟೇ ಗೊತ್ತು. ಕತ್ತಲಲ್ಲಿ ಬಾಡಿಗೆ ಕಾರಿನವನು ಗುರವ್ವನ ಹೆಸರು ಒತ್ತಿ, ಮೇಲೆ ಬಂದದ್ದನ್ನೇ ನಂಬಿ, ಲಾಡ್ಜಿನ ಮುಂದೆ ಇಳಿಸಿರಬೇಕು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆ ಎಲ್ಲರಿಗೂ ಗೊತ್ತು. ಇಲ್ಲಿ ಮೇಕೆಗೆ ಒರೆಸಿದ್ದೂ ಗೊತ್ತಾಗಿರಲಿಲ್ಲ.

"ಹೋಳಿಗಿಗೆ ಬೈದ್ರ ಬೈಲಿ," ಎನ್ನುತ್ತಾರೆ ಗುರವ್ವ. "ಬುಟ್ಟಿ ಕಳದೇನಿ ಅಂದ್ರಲ್ರಿ..."

ಅತ್ತೆ ಸೊಸೆ ಸವದತ್ತಿಗೆ ಹೋಗಿ ಅಜಿತನನ್ನು ಕಂಡರು. ಲಗ್ನಪತ್ರಿಕೆ ಅಚ್ಚು ಹಾಕುತ್ತ, ಮೊಬೈಲ್ ಜಾಹೀರಾತನ್ನೂ ಮಾಡಿಕೊಡುವ ಯುವಕ. ಲಾಡ್ಜಿನ ಜಾಹೀರಾತು ಮಾಡಿದ್ದು ಅವನೇ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. "ಯಾವ ಶಬ್ದ ಮಂದಿ ಭಾಳ ಹುಡುಕತಾರ ಅಂತ ಕಂಪ್ಯೂಟರ ತಾನ ತೋರಿಸ್ತೈತ್ರಿ, ಅಮ್ಮಾರ. ಅದರಾಗ ಗುರವ್ವ ಅಂತ ಬಂತು, ಹಾಕಿದೆ. ಯಾವುದೋ ಹಳೇ ಹೋಟೆಲ್ ಇರಬೇಕ ಅನ್ಕೊಂಡೆ, ಇಷ್ಟ ಸಮೀಪ ಅದೀರಿ ಅಂತ ಗೊತ್ತಿರಲಿಲ್ರಿ," ಎಂದು ತಲೆ ತಗ್ಗಿಸಿದ. ತನ್ನ ಜಾಹೀರಾತಿನಿಂದ ಆ ಹೆಸರನ್ನು ತೆಗೆದನಂತೆ. ಆದರೆ ಲಾಡ್ಜಿನವರು ಆಗಲೇ ಬೇರೆಯವರ ಕೈಗೂ ಕೆಲಸ ಕೊಟ್ಟಿದ್ದರಿಂದ ಲಾಡ್ಜು ಮೇಲೇ ಉಳಿಯಿತು. ನೀವೂ ಜಾಹೀರಾತು ಕೊಟ್ಟರೆ ಮೇಲೆ ಬರುತ್ತೀರಿ, ಒಬ್ಬರು ಒತ್ತಿದರೆ ಹದಿನೆಂಟು ರೂಪಾಯಿ, ಅವರು ಉಣ್ಣಲು ಬರಲಿ ಬಿಡಲಿ ಎಂದು ವಿವರಿಸಿದ.

ಒಂದು ಊಟದಲ್ಲಿ ಗುರವ್ವನವರಿಗೆ ಉಳಿಯುವುದೇ ಇಪ್ಪತ್ತು. "ನನ್ನ ಹೆಸರ ನಾನ ಕೊಳ್ಳಬೇಕೇನೋ ತಮ್ಮಾ?" ಎಂದು ಕೇಳಿದರು.

ಮನೆಗೆ ಬಂದು ಮುದಕಪ್ಪನ ಮಾತಿನ ಕೆಳಗೆ ಶೈಲಜಾ ಕೈಯಿಂದ ಉತ್ತರ ಬರೆಸಿದರು. ಅದರಲ್ಲಿ ಲಾಡ್ಜಿನ ಮಾತಿಲ್ಲ, ಸಕ್ಕರೆಯ ಮಾತೂ ಇಲ್ಲ. 'ಮುದಕಪ್ಪಾ, ನಿಮ್ಮವ್ವನ ಬುಟ್ಟಿ ಇಲ್ಲೇ ಐತಿ. ಕಳದಿಲ್ಲ.' ಆರು ತಿಂಗಳಾಯಿತು. ಆ ಕಡೆಯಿಂದ ಚಕಾರವಿಲ್ಲ. ಓದಿದರೋ ಇಲ್ಲವೋ ತಿಳಿಯದು. ಉಳಿದ ಹತ್ತು ಮನೆಯವರು ಲಾಡ್ಜಿಗೆ ಹೋದರೋ, ನಿಜಕ್ಕೂ ಮನೆಯಲ್ಲಿ ಏನಾದರೂ ಆಯಿತೋ, ಅದೂ ತಿಳಿಯದು. ದಿನಕ್ಕೆ ಹತ್ತು ಸಲ, "ಶೈಲಾ, ನೋಡವಾ, ಏನರೆ ಬಂತೇನು?" ಎಂದು ಕೇಳುತ್ತಾರೆ.

"ಇಲ್ರಿ ಅತ್ತಿ. ಬಂದ್ರ ನಾನ ಓಡಿ ಬಂದ ಹೇಳತೇನಿ," ಎನ್ನುತ್ತಾರೆ ಸೊಸೆ, ಹತ್ತೂ ಸಲ ಅಷ್ಟೇ ತಾಳ್ಮೆಯಿಂದ.

ಹುಣ್ಣಿಮೆಗೆ ಇನ್ನು ಹತ್ತೇ ದಿನ. ಮೂವತ್ತನಾಲ್ಕೂ ಬುಟ್ಟಿ ಗೂಟದಲ್ಲಿವೆ. ಎಷ್ಟು ಬೇಳೆ ತರಿಸಬೇಕೆಂದು ಗುರವ್ವನವರಿಗೆ ಇದೇ ಮೊದಲ ಸಲ ಗೊತ್ತಾಗುತ್ತಿಲ್ಲ.

ಬೆಳಕು ಹರಿದಿದೆ. ನಮ್ಮ ಪತ್ರಿಕೆಯ ಛಾಯಾಗ್ರಾಹಕರು ಒಲೆಯ ಮುಂದೆ ಕೂರಲು ಹೇಳಿದರೆ ಗುರವ್ವ ಅನುಮಾನದಿಂದ ನೋಡುತ್ತಾರೆ.

"ಇದನ್ನ ಎಷ್ಟ ಮಂದಿ ನೋಡಿದ್ರು ಅಂತ ಎಣಿಸಿ ನಮ್ಮ ಕಡೆ ರೊಕ್ಕಾ ತಗೋತೀರೇನ್ರಿ?"

ಇಲ್ಲ ಎಂದ ಮೇಲೆ ಮುಖ ಸಡಿಲಾಗುತ್ತದೆ. ಸೆರಗಿಗೆ ಕೈ ಒರೆಸಿಕೊಂಡು, ಸ್ಟೂಲ್ ಹತ್ತಿ, ಒಂದೊಂದೇ ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಜೋಡಿಸುತ್ತಾರೆ. ಹನ್ನೊಂದು.

"ನನ್ನ ಫೋಟೋ ಬ್ಯಾಡ್ರಿ, ಇವುಗಳದ ಹಾಕ್ರಿ. ಚಿಂದಿ ಛಂದಂಗಿ ಕಾಣಬೇಕು. ಅವರವರದು ಅವರಿಗೆ ಗುರ್ತ ಸಿಗತೈತಿ." ಮತ್ತೆ ಬಗ್ಗಿ, ಹಸಿರು ಖಣದ ಬುಟ್ಟಿಯನ್ನು ಸಾಲಿನಿಂದ ತೆಗೆದು ಎಲ್ಲಕ್ಕಿಂತ ಮುಂದೆ ಇಡುತ್ತಾರೆ.

"ಇದು ದೊಡ್ಡದಾಗಿ ಬರ್ಲಿ. ಸಾವಂತ್ರೆವ್ವಗ ಕಣ್ಣ ಸರಿ ಕಾಣಂಗಿಲ್ರಿ."